ಬುಡ ಬಿಡದ ಹುಲ್ಲು

ರಾಣೆಬೆನ್ನೂರಿನ ಬಯಲಲ್ಲಿ ಚಿಗರಿಗಳನ್ನು, ಅಂದರೆ ಕೃಷ್ಣಮೃಗಗಳನ್ನು, ಸಾಕಿದ ಹುಲ್ಲಿಗೆ ನಮ್ಮ ಹಿತ್ತಲಲ್ಲಿ ಜಾಗವಿಲ್ಲ. ದುಡ್ಡು ಕೊಟ್ಟು ಹಾಸಿದ ಹುಲ್ಲುಹಾಸಿಗೆ ಬೇಸಿಗೆಯುದ್ದಕ್ಕೂ ನೀರು ಹೊರುವ ನಾವು, ನೀರು ಕೇಳದೆ ಬದುಕುವ ನಾಟಿ ಹುಲ್ಲನ್ನು ಕಿತ್ತು ಎಸೆಯುತ್ತಿದ್ದೇವೆ.

ದೀಪಾವಳಿ ಮುಗಿದು ಚಳಿ ಶುರುವಾಗುವ ಹೊತ್ತಿಗೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಅಂಚಿನ ಹಾದಿಯಲ್ಲಿ ನಡೆದು ಬಂದರೆ ಪ್ಯಾಂಟಿನ ತುದಿಗೂ ಕಾಲುಚೀಲಕ್ಕೂ ಹತ್ತಾರು ಊಬುಗಳು ಚುಚ್ಚಿಕೊಂಡು ಮನೆತನಕ ಬರುತ್ತವೆ. ಕಿತ್ತೆಸೆಯುವ ಮೊದಲು ಒಂದನ್ನು ಅಂಗೈ ಮೇಲಿಟ್ಟು ನೋಡಿ. ತುದಿಗೆ ಸೂಜಿಯಂಥ ಮೊನೆ. ಮೊನೆಯ ಸುತ್ತ ಹಿಂದಕ್ಕೆ ಬಾಗಿದ ಸಣ್ಣ ಕೂದಲು. ಅದರ ಬೆನ್ನಿಗೆ ಹಗ್ಗ ಹೊಸೆದ ಹಾಗೆ ತಿರುಚಿಕೊಂಡ ಕಂದು ಎಳೆ. ಅದು ನಡುವೆ ಮೊಣಕೈಯಂತೆ ಮಡಿಚಿಕೊಂಡಿದೆ. ಈಗ ಆ ಎಳೆಯ ಮೇಲೆ ಒಂದು ಹನಿ ನೀರು ಬಿಡಿ. ತುಸು ಹೊತ್ತಿಗೆ ಹೊಸೆದದ್ದು ಮೆಲ್ಲಗೆ ಬಿಚ್ಚಿಕೊಳ್ಳತೊಡಗುತ್ತದೆ. ಮಡಿಚಿದ ತುದಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ನೀರು ಆರಿದಂತೆ ಮತ್ತೆ ಹೊಸೆದುಕೊಂಡು ತಿರುಗಾ ಸುತ್ತುತ್ತದೆ. ಹುಳುವೇ ಇರಬೇಕೆಂದು ಮಕ್ಕಳು ಕೈ ಕೊಡವುತ್ತಾರೆ.

ಇದು ತನ್ನನ್ನು ತಾನೇ ಬಿತ್ತಿಕೊಳ್ಳುವ ಬೀಜ. ರಾತ್ರಿಯ ಇಬ್ಬನಿಗೆ ಬಿಚ್ಚಿಕೊಂಡು, ಹಗಲಿನ ಬಿಸಿಲಿಗೆ ಹೊಸೆದುಕೊಂಡು, ಮಣ್ಣಿನ ಬಿರುಕಿನಲ್ಲಿ ಕೊರೆಯುವ ಭೈರಿಗೆಯಂತೆ ಒಳಗಿಳಿಯುತ್ತದೆ. ಹಿಂದಕ್ಕೆ ಬಾಗಿದ ಕೂದಲು ಅದನ್ನು ಹೊರಗೆ ಬರಗೊಡುವುದಿಲ್ಲ. ಕೂರಿಗೆಯೂ ಬೇಡ, ಬಿತ್ತುವ ಕೈಯೂ ಬೇಡ.

ಹುಲ್ಲಿಗೆ ನಮ್ಮಲ್ಲಿ ಊರಿಗೊಂದು ಹೆಸರು. ಊಬು ಇರುವುದರಿಂದ ಇದನ್ನು ಊಬಿನ ಹುಲ್ಲು ಎನ್ನೋಣ. ಒಣಗಿ ನಿಂತ ಮೇಲೆ ರೈತರ ಬಾಯಲ್ಲಿ ಇದೂ ಇದರ ನೆಂಟರೂ ಎಲ್ಲ ಸೇರಿ ‘ಕರಡ’. ಸಸ್ಯಶಾಸ್ತ್ರದಲ್ಲಿ ಇದು ಹೆಟೆರೊಪೋಗನ್ ಕಂಟಾರ್ಟಸ್. ಮೊದಲ ಪದಕ್ಕೆ ಬೇರೆ ಬಗೆಯ ಗಡ್ಡವುಳ್ಳದ್ದು ಎಂದರ್ಥ, ಎರಡನೆಯದಕ್ಕೆ ತಿರುಚಿಕೊಂಡದ್ದು. 1753ರಲ್ಲಿ ಲಿನೇಯಸ್ ಇದನ್ನು ಹೆಸರಿಸಿದಾಗಲೂ ಕಣ್ಣಿಗೆ ಬಿದ್ದದ್ದು ಆ ತಿರುಚೇ.

ಓಡುವ ಹುಲ್ಲು, ಕೂರುವ ಹುಲ್ಲು

ಹುಲ್ಲು ಬದುಕುವ ರೀತಿ ಮುಖ್ಯವಾಗಿ ಎರಡು. ಒಂದು, ಕರಿಕೆಯ ರೀತಿ. ನೆಲದ ಮೇಲೆ ಬಳ್ಳಿ ಹರಿಸಿ, ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಓಡುತ್ತದೆ. ಗಣಪ್ಪನ ತಲೆಗೆ ಏರುವ ಕುಡಿಯೂ ಅದೇ, ಹೊಲದಲ್ಲಿ ರೈತನನ್ನು ಕಾಡುವ ಕಳೆಯೂ ಅದೇ. ಇನ್ನೊಂದು, ಕುಂತಲ್ಲೇ ಕೂರುವ ಹುಲ್ಲು. ಇದು ಓಡುವುದಿಲ್ಲ. ಒಂದೇ ಬುಡದಿಂದ ತೆಂಡೆ ಒಡೆದು, ತೆಂಡೆಯ ಪಕ್ಕ ತೆಂಡೆ ಕಟ್ಟಿ, ವರ್ಷದಿಂದ ವರ್ಷಕ್ಕೆ ಬುಡವನ್ನು ದಪ್ಪ ಮಾಡಿಕೊಳ್ಳುತ್ತದೆ. ಚಹಾಕ್ಕೆ ಹಾಕಲು ಹಿತ್ತಲಲ್ಲಿ ಬೆಳೆಸುವ ಮಜ್ಜಿಗೆ ಹುಲ್ಲನ್ನು ನೆನೆಸಿಕೊಂಡರೆ ಸಾಕು, ತೆಂಡೆಹುಲ್ಲು ಎಂದರೆ ಏನೆಂದು ಗೊತ್ತಾಗುತ್ತದೆ.

ತೆಂಡೆಹುಲ್ಲಿನ ಜೀವ ಇರುವುದು ಬುಡದಲ್ಲಿ. ಮರಗಿಡಗಳು ತುದಿಯಲ್ಲಿ ಬೆಳೆಯುತ್ತವೆ. ಕುಡಿ ಚಿವುಟಿದರೆ ಆ ಕೊಂಬೆಯ ಓಟ ನಿಲ್ಲುತ್ತದೆ. ಹುಲ್ಲಿನ ಬೆಳೆಯುವ ಮೊಗ್ಗು ನೆಲಮಟ್ಟದಲ್ಲಿ, ಗರಿಗಳ ಒರೆಯೊಳಗೆ ಅಡಗಿ ಕೂತಿರುತ್ತದೆ. ಮೇಲಿನದನ್ನು ದನ ಮೇಯಲಿ, ಕುಡುಗೋಲು ಕೊಯ್ಯಲಿ, ಬೆಂಕಿ ಸುಡಲಿ, ಬುಡ ಉಳಿದರೆ ಹುಲ್ಲು ಉಳಿದಂತೆ. ಬೇಸಿಗೆಯಲ್ಲಿ ಹಳದಿಯಾಗಿ, ಆಮೇಲೆ ಬೂದಿಬಣ್ಣಕ್ಕೆ ತಿರುಗಿ ಸತ್ತಂತೆ ಕಾಣುತ್ತದೆ. ಅದು ಸತ್ತಿರುವುದಿಲ್ಲ, ನೀರಿಲ್ಲದ ಕಾಲದಲ್ಲಿ ಖರ್ಚು ನಿಲ್ಲಿಸಿ ಕೂತಿರುತ್ತದೆ. ಹೀಗೆ ಬಹುಕಾಲ ಬದುಕುವ ಹುಲ್ಲಿಗೂ, ಒಂದೇ ಮಳೆಗಾಲಕ್ಕೆ ಹುಟ್ಟಿ ಬೀಜ ಉದುರಿಸಿ ಮುಗಿದುಹೋಗುವ ಹುಲ್ಲಿಗೂ ಇರುವ ಅಂತರ ಇದೇ.

ನಾವು ಅಂಗಳಕ್ಕೆ ಹಾಸುವ ಕೊರಿಯನ್ ಕಾರ್ಪೆಟ್, ಮೆಕ್ಸಿಕನ್ ಲಾನ್‌ಗಳಿಗೂ ಬೇಸಿಗೆಯಲ್ಲಿ ಒಣಗಿ ಮಳೆಗೆ ಚಿಗುರುವ ಶಕ್ತಿ ಒಂದಿಷ್ಟು ಇದ್ದೀತು. ಆದರೆ ಅವನ್ನು ಒಣಗಲು ನಾವು ಬಿಡುವುದಿಲ್ಲ. ಹನ್ನೆರಡು ತಿಂಗಳೂ ಹಸಿರಾಗಿರಬೇಕು, ಗಿಡ್ಡವಾಗಿರಬೇಕು, ಚಾಪೆಯಂತೆ ಮಟ್ಟಸವಾಗಿರಬೇಕು ಎಂದು ಹಟ ಹಿಡಿಯುತ್ತೇವೆ. ಆ ಹಟಕ್ಕೆ ನೀರು ಸುರಿಯಬೇಕು. ಹಾವೇರಿ ಜಿಲ್ಲೆಯಲ್ಲಿ ಹಾನಗಲ್ಲಿನ ಕಡೆ ಮಲೆನಾಡಿನ ಗಾಳಿ ಇದೆ, ಭತ್ತ ಬೆಳೆಯುತ್ತದೆ. ಅಲ್ಲಿಂದ ಪೂರ್ವಕ್ಕೆ ಹಾವೇರಿ, ಬ್ಯಾಡಗಿ ದಾಟಿ ರಾಣೆಬೆನ್ನೂರಿಗೆ ಬರುವಷ್ಟರಲ್ಲಿ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಕುಡಿಯುವ ನೀರಿಗೆ ಕೊಳವೆಬಾವಿ ನೋಡಿಕೊಂಡು ಕೂತಿರುವ ಬಡಾವಣೆಗಳಲ್ಲಿ ಲಾನ್ ಎಂಬುದು ತೀರಿಸಲಾಗದ ಸಾಲ.

ಮಣ್ಣೂ ಲಾನ್‌ಗೆ ಒಗ್ಗುವುದಿಲ್ಲ. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇಲ್ಮಣ್ಣಿನಲ್ಲೇ ಹರಡಿದ ಬೇರುಗಳು ಆ ಬಿರುಕಿಗೆ ಸಿಕ್ಕು ಹರಿಯುತ್ತವೆ. ಅಂಥ ನೆಲದಲ್ಲಿ ನಿಲ್ಲಬೇಕಾದರೆ ಬೇರು ಕೆಳಕ್ಕಿಳಿಯಬೇಕು. ಇಲ್ಲಿನ ತೆಂಡೆಹುಲ್ಲುಗಳು ಆ ವಿದ್ಯೆಯನ್ನು ಎಂದೋ ಕಲಿತಿವೆ.

ಪಾಳು ಎಂದು ಬರೆದದ್ದು ಯಾರು?

1973ರಲ್ಲಿ ದಬಡಘಾವ್ ಮತ್ತು ಶಂಕರನಾರಾಯಣ ಎಂಬ ಇಬ್ಬರು ವಿಜ್ಞಾನಿಗಳು ಇಡೀ ಭಾರತದ ಹುಲ್ಲುಹೊದಿಕೆಯನ್ನು ಸಮೀಕ್ಷೆ ಮಾಡಿ ಐದು ಬಗೆಗಳಾಗಿ ವಿಂಗಡಿಸಿದರು. ದಖ್ಖನ್ ಪ್ರಸ್ಥಭೂಮಿಯ ನಮ್ಮ ಬಯಲು ‘ಸೇಹಿಮಾ–ಡೈಕ್ಯಾಂಥಿಯಂ’ ಬಗೆಗೆ ಸೇರುತ್ತದೆ. ಎರಡೂ ಬಹುವಾರ್ಷಿಕ ತೆಂಡೆಹುಲ್ಲುಗಳೇ. ಊಬಿನ ಹುಲ್ಲು ಇವುಗಳ ಜೊತೆಗಾರ. ಮೇಯಿಸುವುದು ಮಿತಿಯಲ್ಲಿದ್ದರೆ ಇವೆಲ್ಲ ಇರುತ್ತವೆ. ಮಿತಿ ಮೀರಿದರೆ ಮೊದಲು ಹೋಗುವುದು ಬಹುಕಾಲದ ಹುಲ್ಲು; ಅದರ ಜಾಗಕ್ಕೆ ದನ ಮೂಸದ, ಒಂದೇ ಮಳೆಗಾಲದ ಕಡ್ಡಿಹುಲ್ಲುಗಳು ಬರುತ್ತವೆ. ಒಂದು ಗೋಮಾಳದ ಆರೋಗ್ಯ ತಿಳಿಯಲು ಅದರ ಹುಲ್ಲಿನ ಬುಡ ನೋಡಿದರೆ ಸಾಕು.

ಇದನ್ನು ಬಲ್ಲವರಲ್ಲಿ ಮೊದಲಿಗರು ನಮ್ಮ ಕುರಿಗಾರರು. ಎಳೆಯದಿದ್ದಾಗ ಊಬಿನ ಹುಲ್ಲು ಒಳ್ಳೆಯ ಮೇವು. ಊಬು ಮೂಡಿದ ಮೇಲೆ ಅತ್ತ ಕುರಿ ಬಿಟ್ಟರೆ ಅದು ಉಣ್ಣೆಗೆ ಸಿಕ್ಕಿ, ಚರ್ಮಕ್ಕೆ ಹೊಕ್ಕು, ಬಾಯಿ ಹುಣ್ಣು ಮಾಡುತ್ತದೆ. ಕುರಿ ಮತ್ತು ಕಂಬಳಿಯನ್ನೇ ನೆಚ್ಚಿದ ಮೆಡ್ಲೇರಿಯಂಥ ಊರುಗಳಿರುವ ತಾಲ್ಲೂಕಿನಲ್ಲಿ ಹುಲ್ಲಿನ ಈ ಪಂಚಾಂಗ ಯಾವ ಪುಸ್ತಕದಲ್ಲೂ ಬರೆದಿಡಬೇಕಾದದ್ದಲ್ಲ, ಕಾಲಿಗೆ ಗೊತ್ತಿರುವಂಥದ್ದು.

ಸರ್ಕಾರಿ ಕಡತಗಳಲ್ಲಿ ಮಾತ್ರ ಇಂಥ ನೆಲಕ್ಕೆ ಬಹುಕಾಲದಿಂದ ಇರುವ ಹೆಸರು ಪಾಳು, ಬಂಜರು. ಮರವಿಲ್ಲದ್ದು ಕಾಡಲ್ಲ, ಬೆಳೆಯಿಲ್ಲದ್ದು ಹೊಲವಲ್ಲ, ಹಾಗಾದರೆ ಕೆಲಸಕ್ಕೆ ಬಾರದ್ದು ಎಂಬ ಎಣಿಕೆ. ಬಂಜರಿಗೆ ಹಸಿರು ತರುವ ಹೆಸರಲ್ಲಿ ರಾಣೆಬೆನ್ನೂರಿನ ಬಯಲಿಗೆ ನೀಲಗಿರಿ ಬಂತು. 1974ರಲ್ಲಿ ಚಿಗರಿಗಳಿಗಾಗಿ 119 ಚದರ ಕಿಲೋಮೀಟರ್ ನೆಲವನ್ನು ಅಭಯಾರಣ್ಯವೆಂದು ಘೋಷಿಸಿದಾಗ ಅದರಲ್ಲಿ ದೊಡ್ಡ ಪಾಲು ನೀಲಗಿರಿ ನೆಡುತೋಪೇ ಆಗಿತ್ತು. ಚಿಗರಿ ಬಯಲಿನ ಪ್ರಾಣಿ. ದೂರಕ್ಕೆ ಕಣ್ಣು ಹಾಯಿಸಿ, ತೋಳ ಕಂಡರೆ ಹಾರಿ ಓಡುವುದು ಅದರ ಬದುಕು. ಸಾಲುಮರಗಳ ನಡುವೆ ಆ ಕಣ್ಣೂ ಆ ಓಟವೂ ಕೆಲಸಕ್ಕೆ ಬರುವುದಿಲ್ಲ. ಇದೇ ಬಯಲಲ್ಲಿ ಒಂದು ಕಾಲಕ್ಕೆ ಎರೆಭೂತ ಹಕ್ಕಿಯೂ ಇತ್ತು. ಹುಲ್ಲಿನ ನಡುವೆ ನೆಲದ ಮೇಲೆಯೇ ಮೊಟ್ಟೆ ಇಡುವ ಆ ದೊಡ್ಡ ಹಕ್ಕಿಗೆ ಎರೆ ಭೂಮಿಯ ಹೆಸರನ್ನೇ ಕೊಟ್ಟ ನಮ್ಮವರು, ಅದು ಕೂರುವ ಹುಲ್ಲನ್ನು ಉಳಿಸಲಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಎರೆಭೂತ ನಮ್ಮ ಜಿಲ್ಲೆಯ ನೆನಪಾಗಿತ್ತು.

ಹುಲ್ಲುಗಾವಲನ್ನು ಉಳಿಸುವುದು ಅರಣ್ಯ ಇಲಾಖೆಯ, ಪಂಚಾಯಿತಿಗಳ ದೊಡ್ಡ ಕೆಲಸ. ಆದರೆ ಹುಲ್ಲೆಂದರೆ ಕಸ ಎಂಬ ಕಣ್ಣು ಬದಲಾಗದೆ ಆ ಕೆಲಸ ಆಗುವುದಿಲ್ಲ. ಕಣ್ಣು ಬದಲಾಗುವುದು ಮನೆಯ ಹಿತ್ತಲಲ್ಲಿ. ದಿನಾ ನೋಡುವ ಗಿಡವನ್ನು ಯಾರೂ ಪಾಳು ಎನ್ನುವುದಿಲ್ಲ.

ಗುಂಡ್ಲುಪೇಟೆಯ ಬದು

ಹಿತ್ತಲಿಗೆ ಹೆಚ್ಚು ಒಗ್ಗುವ ತೆಂಡೆಹುಲ್ಲು ಲಾವಂಚ. ಮುಡಿವಾಳ ಎಂದೂ ಕರೆಯುತ್ತಾರೆ. ಸಂಸ್ಕೃತದ ಉಶೀರ, ಹಿಂದಿಯ ಖಸ್. ತಮಿಳಿನ ವೆಟ್ಟಿವೇರ್ ಎಂಬ ಹೆಸರೇ ಪ್ರಪಂಚಕ್ಕೆಲ್ಲ ಹೋಗಿ ವೆಟಿವರ್ ಆಯಿತು. ವೇರ್ ಎಂದರೆ ನಮ್ಮ ಬೇರು. ಹೆಸರಲ್ಲೇ ಬೇರಿರುವ ಈ ಹುಲ್ಲಿನ ಬೇರು ಪಕ್ಕಕ್ಕೆ ಹರಡುವುದು ಕಡಿಮೆ. ನೆಟ್ಟಗೆ ಕೆಳಕ್ಕೆ ಇಳಿದು, ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರ್‌ವರೆಗೂ ಹೋಗುತ್ತದೆ. ಆದ್ದರಿಂದ ಪಕ್ಕದ ಬೆಳೆಯ ಬಾಯಿಗೆ ಕೈ ಹಾಕುವುದಿಲ್ಲ.

ಇದರ ದೊಡ್ಡ ಕಥೆ ನಡೆದದ್ದು ನಮ್ಮ ರಾಜ್ಯದಲ್ಲೇ. 1980ರ ದಶಕದಲ್ಲಿ ವಿಶ್ವ ಬ್ಯಾಂಕಿನ ಕೃಷಿತಜ್ಞರಾದ ರಿಚರ್ಡ್ ಗ್ರಿಮ್‌ಶಾ ಮತ್ತು ಜಾನ್ ಗ್ರೀನ್‌ಫೀಲ್ಡ್ ಮಣ್ಣು ಕೊಚ್ಚಿಹೋಗದಂತೆ ತಡೆಯುವ ಅಗ್ಗದ ದಾರಿ ಹುಡುಕುತ್ತ ಭಾರತದಲ್ಲಿ ಓಡಾಡುತ್ತಿದ್ದರು. ಗ್ರೀನ್‌ಫೀಲ್ಡ್ ಅದಕ್ಕೂ ಮೊದಲು, 1950ರ ದಶಕದಲ್ಲಿ, ಫಿಜಿ ದ್ವೀಪದ ಕಬ್ಬಿನ ಇಳಿಜಾರುಗಳಲ್ಲಿ ಲಾವಂಚದ ಸಾಲು ನೆಟ್ಟು ಮಣ್ಣು ಹಿಡಿದು ನಿಲ್ಲಿಸಿದ್ದವರು. ಅದನ್ನು ಭಾರತಕ್ಕೆ ಕಲಿಸಬೇಕೆಂದು ಬಂದವರಿಗೆ ಗುಂಡ್ಲುಪೇಟೆಯ ಕಡೆಯ ರೈತರು ತಲೆಮಾರುಗಳಿಂದ ಹೊಲದ ಎಲ್ಲೆಗೆ ಇದೇ ಹುಲ್ಲನ್ನು ಹಚ್ಚಿಕೊಂಡು ಬಂದಿರುವುದು ಕಂಡಿತು. ಎಲ್ಲೆ ಗುರುತಿಗೆಂದು ನೆಟ್ಟ ಸಾಲು ಮಣ್ಣನ್ನೂ ಕಾಯುತ್ತಿತ್ತು. 1987ರಲ್ಲಿ ವಿಶ್ವ ಬ್ಯಾಂಕ್ ಲಾವಂಚದ ಬದುಗಳ ಬಗ್ಗೆ ಕೈಪಿಡಿ ತಂದಿತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇಡೀ ಒಂದು ಪುಸ್ತಕವನ್ನೇ ಈ ಹುಲ್ಲಿಗೆ ಮೀಸಲಿಟ್ಟಿತು. ಇಂದು ಉಷ್ಣವಲಯದ ಹಲವಾರು ದೇಶಗಳ ಗುಡ್ಡ, ರಸ್ತೆ, ಕಾಲುವೆಗಳ ಇಳಿಜಾರನ್ನು ಈ ಹುಲ್ಲು ಕಾಯುತ್ತಿದೆ.

ಅದು ಮಣ್ಣು ಕಾಯುವ ರೀತಿ ಸರಳ. ಒತ್ತಾಗಿ ನೆಟ್ಟ ಬುಡಗಳು ಕೂಡಿಕೊಂಡು ಜರಡಿಯಾಗುತ್ತವೆ. ಇಳಿಜಾರಿನಲ್ಲಿ ಹರಿದು ಬಂದ ನೀರು ಅಲ್ಲಿ ಓಟ ಕಳೆದುಕೊಂಡು, ಹೊತ್ತು ತಂದ ಮಣ್ಣನ್ನು ಇಳಿಸಿ, ನಿಧಾನಕ್ಕೆ ಮುಂದೆ ಹೋಗುತ್ತದೆ. ಮಣ್ಣು ಬುಡದ ಮೇಲೆ ಏರಿದಂತೆ ಹುಲ್ಲೂ ಗೆಣ್ಣಿನಿಂದ ಹೊಸ ಬೇರು ಬಿಟ್ಟು ಮೇಲಕ್ಕೇರುತ್ತದೆ. ವರ್ಷಗಳು ಕಳೆದರೆ ಯಾರೂ ಕಟ್ಟದ ಒಡ್ಡು ತಾನಾಗಿ ಎದ್ದಿರುತ್ತದೆ. ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಹೊಲಗಳ ಎರೆ ಮಣ್ಣಿಗೆ ಇದು ಬಹಳ ಬೇಕಾದ ಗುಣ. ಹಸಿಯಾದ ಎರೆಯಲ್ಲಿ ಬಿರುಕು ಮುಚ್ಚಿ, ನೀರು ಇಂಗುವುದು ನಿಧಾನವಾಗಿ, ದೊಡ್ಡ ಮಳೆ ಬಂದರೆ ಮೇಲ್ಮಣ್ಣೇ ಹಳ್ಳಕ್ಕೆ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಮೆಣಸಿನಕಾಯಿಯ ಬಣ್ಣವನ್ನು ಕೊಂಡಾಡುವ ನಾವು, ಅದಕ್ಕೆ ಬಣ್ಣ ಕೊಟ್ಟ ಮಣ್ಣಿನ ಬದುವಿಗೆ ಒಂದು ಸಾಲು ಹುಲ್ಲು ಹಚ್ಚಬಾರದೇ?

ಹಿತ್ತಲಿಗೆ ತರುವ ಬಗೆ

ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಜಾಗದಲ್ಲಿ ನಾನು ಲಾವಂಚದ ಆರು ಬುಡ ನೆಡುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ನೋಡಿ, ‘ಹುಲ್ಲ ಕೀಳೂದು ನೋಡೇನಿ ತಮ್ಮಾ, ಹುಲ್ಲ ಹಚ್ಚೂದು ಇದ ಮೊದಲ ನೋಡಾಕತ್ತೇನಿ’ ಅಂದಿದ್ದರು. ಎರಡನೆಯ ವರ್ಷದ ಬೇಸಿಗೆಗೆ ಅವರೇ ಬಂದು ಹರವಿಯ ನೀರಿಗೆ ಹಾಕಲು ಒಂದು ಹಿಡಿ ಬೇರು ಕೇಳಿದರು. ತೊಳೆದು ನೆರಳಲ್ಲಿ ಒಣಗಿಸಿ ಕೊಟ್ಟೆ. ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿ ಸೀಮೆಯವರಿಗೆ ಪರಿಮಳದ ಬೆಲೆ ಹೇಳಿಕೊಡಬೇಕಿಲ್ಲ. ಬಚ್ಚಲ ನೀರು ನಿಂತು ಸೊಳ್ಳೆಯಾಗುತ್ತಿದ್ದ ಜಾಗ ಈಗ ಎದೆಮಟ್ಟದ ಹಸಿರು. ನೀರು ನಿಂತರೂ ಕೊಳೆಯದ, ನೀರಿನ ಕೊಳೆಯಲ್ಲಿರುವ ಸಾರಜನಕ, ರಂಜಕಗಳನ್ನು ಉಂಡು ಬೆಳೆಯುವ ಗುಣ ಲಾವಂಚಕ್ಕಿದೆ. ಕೊಳಚೆ ನೀರು ಶುದ್ಧಿಗೆ ಇದನ್ನು ಬಳಸುವುದೂ ಅದಕ್ಕಾಗಿಯೇ.

ನೆಡಲು ಕಾಲ ಮೃಗಶಿರಾ, ಆರಿದ್ರಾ ಮಳೆಗಳು. ಬಲಿತ ಬುಡವನ್ನು ಸಲಿಕೆಯಿಂದ ಸೀಳಿ, ಎರಡು ಮೂರು ತೆಂಡೆಗಳ ಸಣ್ಣ ಹಿಡಿ ಮಾಡಿ, ಗರಿಯನ್ನು ಗೇಣುದ್ದಕ್ಕೂ ಬೇರನ್ನು ನಾಲ್ಕು ಬೆರಳಿಗೂ ಕತ್ತರಿಸಿ ನೆಡಬೇಕು. ಬದು ಕಾಯುವ ಸಾಲಿಗಾದರೆ ಹತ್ತರಿಂದ ಹದಿನೈದು ಸೆಂಟಿಮೀಟರಿಗೆ ಒಂದರಂತೆ ಒತ್ತಾಗಿ, ಇಳಿಜಾರಿಗೆ ಅಡ್ಡಲಾಗಿ. ಚೆಲುವಿಗಾದರೆ ಮೂರಡಿಗೊಂದು ಬುಡ. ಮೊದಲ ಬೇಸಿಗೆಯಲ್ಲಿ ಮಾತ್ರ ಆಗಾಗ ನೀರು ಕೊಡಿ. ಆಮೇಲೆ ಅದರ ಪಾಡಿಗೆ ಬಿಡಿ. ದಕ್ಷಿಣದ ಬೇಸಾಯದ ತಳಿ ಮೊಳೆಯುವ ಬೀಜ ಕಟ್ಟುವುದಿಲ್ಲವಾದ್ದರಿಂದ ಇದು ಕಳೆಯಾಗಿ ಹಬ್ಬುವ ಅಂಜಿಕೆಯೂ ಇಲ್ಲ.

ಊಬಿನ ಹುಲ್ಲಿಗೆ ಕಲ್ಲು ಬೆರೆತ ಮಸಾರಿ ನೆಲ, ತುಂಬು ಬಿಸಿಲು ಸಾಕು. ಗೊಬ್ಬರ ಹಾಕಿದರೆ ಸೊಕ್ಕಿ ಬೀಳುತ್ತದೆ. ಅಭಯಾರಣ್ಯದೊಳಗಿನಿಂದ ಒಂದು ಕಡ್ಡಿಯನ್ನೂ ಕೀಳಬಾರದು; ಒಪ್ಪಿಗೆ ಕೇಳಿ ಪರಿಚಯದವರ ಬದುವಿನಿಂದ ಒಂದು ಮುಷ್ಟಿ ಬೀಜ ತಂದರೆ ಬೇಕಾದಷ್ಟಾಯಿತು. ಹೊಸ ಬೀಜ ತಕ್ಷಣ ಮೊಳೆಯುವುದಿಲ್ಲ. ಮುಂದಿನ ಮಳೆಗಾಲದವರೆಗೆ ಚೀಲದಲ್ಲಿಟ್ಟು ಆಮೇಲೆ ಉದುರಿಸಬೇಕು. ಮಕ್ಕಳು ಆಡುವ, ನಾಯಿ ಓಡಾಡುವ ಕಡೆ ಮಾತ್ರ ಇದು ಬೇಡ; ಮೂಲೆಯೊಂದರಲ್ಲಿ ಇರಲಿ. ಬೆಳಗಿನ ಎಳೆ ಬಿಸಿಲಿಗೆ ಅದರ ತೆನೆಗಳು ತಾಮ್ರದ ಬಣ್ಣಕ್ಕೆ ತಿರುಗಿ ಗಾಳಿಗೆ ಒಟ್ಟೊಟ್ಟಿಗೆ ಬಾಗುವಾಗ, ಬೇಲಿಯ ದಾಸವಾಳಕ್ಕೂ ಅದು ಒಂದು ಹಿನ್ನೆಲೆಯಾಗುತ್ತದೆ.

ಹಾವು ಬರುತ್ತದೆಂಬ ಭಯ ಎಲ್ಲರ ಮನೆಯಲ್ಲೂ ಇದೆ, ಅದನ್ನು ಅಲ್ಲಗಳೆಯಬಾರದು. ಬಾಗಿಲ ಹತ್ತಿರ, ನಡೆಯುವ ದಾರಿಯ ಪಕ್ಕ ಎತ್ತರದ ಹುಲ್ಲು ನೆಡಬೇಡಿ. ಬುಡದ ಸುತ್ತ ನೆಲವನ್ನು ಚೊಕ್ಕಟವಾಗಿಡಿ. ಒಣಹುಲ್ಲು ಬೆಂಕಿಗೆ ಮೇವು; ಶಿವರಾತ್ರಿಗೆ ಮೊದಲೇ ಮೊಣಕಾಲಿಗಿಂತ ಕೆಳಕ್ಕೆ ಕೊಯ್ದರೆ ಬೆಂಕಿಯ ಅಂಜಿಕೆ ಇಲ್ಲ, ಕೊಯ್ದದ್ದು ಗಿಡಗಳ ಬುಡಕ್ಕೆ ಮುಚ್ಚಿಗೆಯಾಗುತ್ತದೆ. ವರ್ಷಕ್ಕೊಮ್ಮೆ ಆ ಒಂದು ಕೊಯ್ಲು, ಇಡೀ ಆರೈಕೆ ಅಷ್ಟೇ. ಅಂಜನ ಹುಲ್ಲು, ಮಾರ್ವೆಲ್ ಹುಲ್ಲುಗಳಂಥ ಇತರ ನಾಟಿ ಹುಲ್ಲುಗಳ ಬಗ್ಗೆ ತಿಳಿಯಬೇಕಾದವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ ಧಾರವಾಡದಲ್ಲಿದೆ.

ಹವಾಯಿಯ ಪಾಠ

ಈಗ ನರ್ಸರಿಗಳಲ್ಲಿ ಅಲಂಕಾರದ ಹುಲ್ಲು ಎಂದು ಕಾರಂಜಿಯಂಥ ತೆನೆ ಬಿಡುವ ಹುಲ್ಲುಗಳು ಬರತೊಡಗಿವೆ. ಫೌಂಟೇನ್ ಗ್ರಾಸ್ ಎಂಬುದು ಅವುಗಳಲ್ಲೊಂದು, ಮೂಲ ಆಫ್ರಿಕಾ. ಕೊಳ್ಳುವ ಮೊದಲು ಹವಾಯಿ ದ್ವೀಪಗಳ ಕಥೆ ಕೇಳಬೇಕು. ನಮ್ಮ ಊಬಿನ ಹುಲ್ಲೇ ಅಲ್ಲಿಯೂ ಇದೆ. ಅಲ್ಲಿನವರು ಅದನ್ನು ಪಿಲಿ ಎನ್ನುತ್ತಾರೆ. ಹಿಂದೆ ಮನೆಗಳಿಗೆ ಹೊದಿಸುತ್ತಿದ್ದದ್ದು ಅದನ್ನೇ. ಕಳೆದ ಶತಮಾನದ ಆರಂಭದಲ್ಲಿ ಚೆಂದಕ್ಕೆಂದು ತಂದ ಫೌಂಟೇನ್ ಗ್ರಾಸ್ ತೋಟದ ಬೇಲಿ ಹಾರಿ ಲಾವಾ ಬಯಲುಗಳಿಗೆ ಹಬ್ಬಿತು. ಒಣಗಿ ಬೆಂಕಿ ಹೊತ್ತಿಸಿತು, ಸುಟ್ಟ ನೆಲದಲ್ಲಿ ತಾನೇ ಮೊದಲು ಎದ್ದಿತು, ಪಿಲಿಯ ಜಾಗವನ್ನು ಕಸಿಯಿತು. ಈಗ ಅಲ್ಲಿನವರು ನಾಟಿ ತೋಟಗಳಲ್ಲಿ ಪಿಲಿಯನ್ನು ಹುಡುಕಿ ನೆಡುತ್ತಿದ್ದಾರೆ. ಸವೆದು ಹೋದ ಕಹೋಲಾವೆ ದ್ವೀಪದ ಮಣ್ಣಿಗೆ ಮತ್ತೆ ಹೊದಿಕೆ ತರಲು ಇದೇ ಹುಲ್ಲನ್ನು ಬಳಸಿದ್ದಾರೆ. ಕಳೆದುಕೊಂಡ ಮೇಲೆ ಅವರು ಮಾಡಿದ ಕೆಲಸವನ್ನು ಕಳೆದುಕೊಳ್ಳುವ ಮೊದಲೇ ಮಾಡುವ ಅವಕಾಶ ನಮಗಿದೆ.

ಹೀಗೆ ನೆಟ್ಟ ಹುಲ್ಲು ಏನು ತರುತ್ತದೆ ಎಂದು ಕೇಳಿದರೆ, ನಮ್ಮ ಹಿತ್ತಲಿಗೆ ಮೊದಲು ಬಂದದ್ದು ರಾಟವಾಳ ಹಕ್ಕಿಗಳು. ತೆನೆಯ ಮೇಲೆ ಕೂತು, ಕಡ್ಡಿ ನೆಲಕ್ಕೆ ಬಾಗುವತನಕ ಜೀಕಿ, ಬೀಜ ಬಿಡಿಸಿ ತಿನ್ನುತ್ತವೆ. ಮಳೆಗಾಲದಲ್ಲಿ ಗರಿಯ ಮರೆಯಲ್ಲಿ ಮಿಡತೆ, ಮಿಡತೆಯ ಹಿಂದೆ ಓತಿಕ್ಯಾತ. ಚಿಗರಿ ಬರಲಾರದು, ಎರೆಭೂತವಂತೂ ಬರಲಾರದು. ಆದರೂ ಅವು ಬದುಕಿದ್ದ ಬಯಲಿನ ಒಂದು ಮೊಳ ನೆಲ ಇಲ್ಲಿದೆ.

ಕೊಯ್ದು ಬಿಟ್ಟ ಬುಡಗಳು ಕಳೆದ ಏಪ್ರಿಲ್‌ನಲ್ಲಿ ಬೂದಿಬಣ್ಣದ ಕಸಬರಿಗೆಗಳಂತೆ ನಿಂತಿದ್ದವು. ಕಿತ್ತು ಎಸೆಯಬಾರದೇ ಎಂದು ಬಂದವರೆಲ್ಲ ಕೇಳಿದರು. ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗಿ, ಅಡ್ಡಮಳೆ ಅರ್ಧ ಗಂಟೆ ಸುರಿಯಿತು. ಐದನೆಯ ದಿನ ಬೆಳಿಗ್ಗೆ ಬಗ್ಗಿ ನೋಡಿದರೆ, ಒಣಕಡ್ಡಿಗಳ ನಡುವೆ ಬುಡದಿಂದ ಸೂಜಿಯಷ್ಟು ತೆಳುವಾದ ಹಸಿರು ಗರಿಗಳು ಎದ್ದಿದ್ದವು. ಗೋಡೆಯಾಚೆಯ ಲಾನ್‌ಗೆ ಆ ಹೊತ್ತಿಗೆ ಟ್ಯಾಂಕರ್ ಬಂದು ನಿಂತಿತ್ತು.